ಕೆಡವಿದ ಮನೆ ಜಲ್ಲಿಯಾಗುವ ಜಾಗ

ಬೆಂಗಳೂರಿನ ಹೊರವಲಯದ ಈ ಅಂಗಳಕ್ಕೆ ಬರುವುದೆಲ್ಲ ಕೆಡವಿದ ಕಟ್ಟಡಗಳ ಅವಶೇಷ. ಗೇಟು ದಾಟಿದ ಟಿಪ್ಪರ್ ವೇಬ್ರಿಡ್ಜ್ ಮೇಲೆ ನಿಂತು ತೂಕ ಹಾಕಿಸಿಕೊಂಡು, ಒಳಗಿನ ರಾಶಿಯ ಬುಡದಲ್ಲಿ ಸುರಿಯಿತು. ಹತ್ತಿರ ಹೋದೆ. ನೀಲಿ ಬಣ್ಣ ಇನ್ನೂ ಅಂಟಿಕೊಂಡಿದ್ದ ಗೋಡೆಯ ತುಂಡು, ಕಬ್ಬಿಣದ ಸರಳು ಚಾಚಿದ ಪಿಲ್ಲರ್, ಬಾತ್‌ರೂಮಿನ ಟೈಲ್ಸ್, ಒಂದು ಸ್ವಿಚ್ ಬೋರ್ಡು. ಆಚೆ ಇನ್ನೊಂದು ಕೆಂಪು ರಾಶಿ; ಇಟ್ಟಿಗೆಯದೋ ಹಂಚಿನದೋ ದೂರದಿಂದ ಗೊತ್ತಾಗಲಿಲ್ಲ.

ದೊಡ್ಡ ತೊಲೆಗಳನ್ನು ಬ್ರೇಕರ್ ಕಟ್ಟಿದ ಯಂತ್ರ ಕುಟ್ಟಿ ಚಿಕ್ಕದು ಮಾಡುತ್ತಿತ್ತು. ಪಕ್ಕದಲ್ಲಿ ಕೆಲಸಗಾರರು ಮರ, ಪ್ಲಾಸ್ಟಿಕ್, ಬಟ್ಟೆಯನ್ನು ಕೈಯಿಂದಲೇ ಆರಿಸಿ ತೆಗೆಯುತ್ತಿದ್ದರು. ಇಷ್ಟೊಂದು ಯಂತ್ರಗಳ ನಡುವೆ ಅತಿ ಮುಖ್ಯವಾದ ಕೆಲಸ ಇದೇ ಇರಬೇಕು ಅನ್ನಿಸಿತು.

ಅಲ್ಲಿಂದ ಹಾಪರ್. ಅದರ ತಳದ ಫೀಡರ್ ನಡುಗುತ್ತ ಮಣ್ಣುಪುಡಿಯನ್ನು ಸರಳುಗಳ ಸಂದಿಯಲ್ಲಿ ಉದುರಿಸಿ, ಗಟ್ಟಿ ತುಂಡುಗಳನ್ನು ಜಾ ಕ್ರಷರಿಗೆ ತಳ್ಳುತ್ತದೆ. ಮೆಟ್ಟಿಲು ಹತ್ತಿ ಇಣುಕಿದೆ. ಮ್ಯಾಂಗನೀಸ್ ಉಕ್ಕಿನ ಎರಡು ದವಡೆ; ಒಂದು ಅಲುಗದು, ಇನ್ನೊಂದು ಹಿಂದೆ ಮುಂದೆ ಆಡುತ್ತಲೇ ಇರುತ್ತದೆ. ಮೇಲೆ ಅಗಲ, ಕೆಳಗೆ ಇಕ್ಕಟ್ಟು. ತುಂಡು ಒತ್ತಿಗೆ ಬಿರಿದು ಸ್ವಲ್ಪ ಜಾರುತ್ತದೆ, ಮತ್ತೆ ಬಿರಿಯುತ್ತದೆ. ಪೆಟ್ಟು ಬಿದ್ದಷ್ಟೂ ಈ ಉಕ್ಕಿನ ಮೈ ಗಟ್ಟಿಯಾಗುತ್ತ ಹೋಗುತ್ತದೆ. ಸದ್ದಿನಲ್ಲಿ ಪಕ್ಕದವರ ಮಾತು ಕೇಳಿಸದು.

ಬೆಲ್ಟಿನ ಮೇಲೆ ಅಡ್ಡಲಾಗಿ ತೂಗುವ ಅಯಸ್ಕಾಂತ ಸರಳುಗಳನ್ನು ಸೆಳೆದು ಗುಜರಿ ರಾಶಿಗೆ ಹಾಕುತ್ತದೆ. ಧೂಳಿಗೆ ನೀರಿನ ತುಂತುರು ಬಿಟ್ಟಿದ್ದಾರೆ. ಆದರೂ ಕನ್ನಡಕ ಒರೆಸಿ ಒರೆಸಿ ಸಾಕಾಯಿತು.

ಕೊನೆಗೆ ಜರಡಿ. ಒಂದರ ಕೆಳಗೊಂದು ಬಲೆ, ಎಲ್ಲವೂ ಒಟ್ಟಿಗೆ ಕುಣಿಯುತ್ತವೆ. ಮೇಲಿನ ಬಲೆಯಲ್ಲೇ ಉಳಿದ ದಪ್ಪ ತುಂಡು ಇನ್ನೊಂದು ಬೆಲ್ಟ್ ಹತ್ತಿ ವಾಪಸ್ ಕ್ರಷರಿಗೆ. ಬಲೆ ಒಪ್ಪುವವರೆಗೂ ಅದಕ್ಕೆ ಬಿಡುಗಡೆಯಿಲ್ಲ.

ಹೊರಬಿದ್ದ 20 ಎಂಎಂ ಜಲ್ಲಿಯನ್ನು ಒಂದು ಹಿಡಿ ತೆಗೆದುಕೊಂಡೆ. ಕ್ವಾರಿಯ ಜಲ್ಲಿಗಿಂತ ಬಣ್ಣ ಮಂಕು. ಅಂಚಿನಲ್ಲಿ ಹಳೆಯ ಗಾರೆ ಹತ್ತಿಕೊಂಡಿದೆ, ಉಗುರಿನಲ್ಲಿ ಕೆರೆದರೆ ಪುಡಿ ಉದುರುತ್ತದೆ. ಈ ಗಾರೆ ನೀರು ಹೀರುತ್ತದೆ, ಬಲವನ್ನೂ ತಗ್ಗಿಸುತ್ತದೆ. 2016ರಲ್ಲಿ ಪರಿಷ್ಕರಿಸಿದ ಐಎಸ್ 383 ಮಾನದಂಡ ಇಂಥ ಜಲ್ಲಿಗೆ ಒಪ್ಪಿಗೆ ಕೊಟ್ಟಿದೆ, ಆದರೆ ಮಿತಿ ಹಾಕಿ. ಬರೀ ಕಾಂಕ್ರೀಟ್ ಒಡೆದು ಮಾಡಿದ ಜಲ್ಲಿಯನ್ನು ಕಬ್ಬಿಣ ಹಾಕಿದ ಕಾಂಕ್ರೀಟಿಗೆ ಶೇ 20ರವರೆಗೆ ಬಳಸಬಹುದು, ಅದೂ ಎಂ25 ದರ್ಜೆಯವರೆಗೆ ಮಾತ್ರ. ಇಟ್ಟಿಗೆ, ಟೈಲ್ಸ್ ಬೆರೆತ ಜಲ್ಲಿಗೆ ಆ ಅವಕಾಶವಿಲ್ಲ. ಅದು ಬೆಡ್ ಕಾಂಕ್ರೀಟಿನಂಥ ಕಡಿಮೆ ಬಲದ ಕೆಲಸಕ್ಕಷ್ಟೇ.

ಹಾಗಾಗಿ, ಹಳೆ ಮನೆ ಕೆಡವಿಸುವವರು ಪಿಲ್ಲರ್, ಸ್ಲ್ಯಾಬಿನ ಕಾಂಕ್ರೀಟನ್ನೂ ಇಟ್ಟಿಗೆ ಗೋಡೆಯನ್ನೂ ಒಂದೇ ಲೋಡಿಗೆ ತುಂಬಿಸಬೇಡಿ. ಫಾಲ್ಸ್ ಸೀಲಿಂಗಿನ ಜಿಪ್ಸಂ ಅಂತೂ ಬೇರೆಯೇ ಇರಲಿ, ಅದು ಕಾಂಕ್ರೀಟಿಗೆ ಆಗಿಬರುವುದಿಲ್ಲ.