ಹಳೇ ಡೀಸೆಲ್ ಕಾರಿನ ಪಿಕಪ್ ಎಲ್ಲಿ ಹೋಯಿತು?

2007ರಲ್ಲಿ ಮಾರುತಿ ಸ್ವಿಫ್ಟ್‌ನ ಡೀಸೆಲ್ ಮಾದರಿ ಬಂದಾಗ ಅದರ ಬಾನೆಟ್ ಕೆಳಗಿದ್ದದ್ದು ಇಟಲಿಯ ಫಿಯೆಟ್ ರೂಪಿಸಿದ 1248 ಸಿಸಿಯ ಮಲ್ಟಿಜೆಟ್ ಇಂಜಿನ್. ಮಾರುತಿ ಅದನ್ನು ಡಿಡಿಐಎಸ್ ಎಂದು ಕರೆಯಿತು, ಟಾಟಾ ಕ್ವಾಡ್ರಾಜೆಟ್ ಎಂದಿತು. ಡಿಸೈರ್, ರಿಟ್ಜ್, ಎರ್ಟಿಗಾ, ವಿಸ್ಟಾ, ಪುಂಟೊ ಎಲ್ಲದರಲ್ಲೂ ಅದೇ ಇದ್ದದ್ದರಿಂದ ಜನ ‘ನ್ಯಾಷನಲ್ ಇಂಜಿನ್’ ಎಂದು ಹೆಸರಿಟ್ಟರು. 2020ರ ಏಪ್ರಿಲ್‌ನಲ್ಲಿ ಬಿಎಸ್6 ನಿಯಮ ಬಂದಾಗ ಮಾರುತಿ ಡೀಸೆಲ್ ಕಾರುಗಳನ್ನೇ ಕೈಬಿಟ್ಟಿತು. ಆದರೂ ದಿನಾ ಆಫೀಸಿಗೆ, ವಾರಕ್ಕೊಮ್ಮೆ ಊರಿಗೆ ಈ ಇಂಜಿನ್ ಇರುವ ಕಾರಿನಲ್ಲಿ ಓಡಾಡುವವರು ನಮ್ಮಲ್ಲಿ ಬಹಳ ಮಂದಿ. ಕಾರು ಸ್ವಲ್ಪ ಮಂಕಾದರೆ ಸಾಕು, ಚಿಪ್ ಹಾಕಿಸಿ, ಇಜಿಆರ್ ಮುಚ್ಚಿಸಿ, ಟರ್ಬೊ ಬದಲಿಸಿ ಎಂಬ ಸಲಹೆಗಳು ಸುರಿಯುತ್ತವೆ. ಹಳೇ ಟರ್ಬೊ ಡೀಸೆಲ್‌ಗೆ ಹೊಸ ಶಕ್ತಿ ತುಂಬುವ ಮೊದಲು, ಇದ್ದ ಶಕ್ತಿ ಎಲ್ಲಿ ಸೋರುತ್ತಿದೆ ಎಂದು ನೋಡಬೇಕು. ಚಾಲ್ತಿಯಲ್ಲಿರುವ ನಂಬಿಕೆಗಳಲ್ಲಿ ಹೆಚ್ಚಿನವು ಈ ಕ್ರಮವನ್ನೇ ತಲೆಕೆಳಗು ಮಾಡುತ್ತವೆ.

ತಪ್ಪು ಕಲ್ಪನೆ: ಪಿಕಪ್ ಇಲ್ಲ, ಕಪ್ಪು ಹೊಗೆ ಬರುತ್ತಿದೆ ಎಂದರೆ ಟರ್ಬೊ ಹೋಗಿದೆ.

ಸತ್ಯ: ಕಪ್ಪು ಹೊಗೆ ಹೇಳುವುದು ಇಷ್ಟೇ: ಸಿಲಿಂಡರಿಗೆ ಬಿದ್ದ ಡೀಸೆಲ್‌ಗೆ ತಕ್ಕಷ್ಟು ಗಾಳಿ ಸಿಕ್ಕಿಲ್ಲ. ತಪ್ಪು ಟರ್ಬೊದ್ದೇ ಆಗಬೇಕಿಲ್ಲ. ಅದು ಒತ್ತಿ ಕಳಿಸಿದ ಗಾಳಿ ಇಂಜಿನ್ ಸೇರುವ ದಾರಿಯಲ್ಲಿ ರಬ್ಬರ್ ಹೋಸ್‌ಗಳಿವೆ. ವರ್ಷಗಟ್ಟಲೆ ಬಿಸಿ ಮತ್ತು ಆಯಿಲ್ ಆವಿ ತಿಂದು ಅವು ಸೀಳುತ್ತವೆ. ಕಾರು ನಿಂತಿದ್ದಾಗ ಸೀಳು ಮುಚ್ಚಿಕೊಂಡಿರುತ್ತದೆ, ಶಿರಾಡಿ ಘಾಟಿ ಹತ್ತುವಾಗ ಒತ್ತಡಕ್ಕೆ ಬಾಯಿ ಬಿಡುತ್ತದೆ. ಆಕ್ಸಿಲರೇಟರ್ ತುಳಿದಾಗ ‘ಸುಯ್’ ಎಂಬ ಸದ್ದು, ಹೋಸಿನ ಕ್ಲಾಂಪ್ ಸುತ್ತ ಎಣ್ಣೆ ಜಿಡ್ಡು ಕಂಡರೆ ಮೊದಲು ಅಲ್ಲಿಗೇ ಕೈಹಾಕಬೇಕು. ಆಮೇಲೆ ಏರ್ ಫಿಲ್ಟರ್, ಮಸಿ ಕಟ್ಟಿ ಅರ್ಧ ತೆರೆದೇ ನಿಂತ ಇಜಿಆರ್ ವಾಲ್ವ್, ಗಾಳಿ ಅಳೆಯುವ ಸೆನ್ಸರ್. ವ್ಯಾಕ್ಯೂಮ್‌ನಿಂದ ನಡೆಯುವ ಟರ್ಬೊ ಇದ್ದರೆ ಅದರ ಸಣ್ಣ ಪೈಪ್ ಬಿರುಕು ಬಿಟ್ಟರೂ ಕಾರು ಏಳುವುದಿಲ್ಲ.

ಟರ್ಬೊ ನಿಜಕ್ಕೂ ಸವೆದಿದ್ದರೆ ಲಕ್ಷಣ ಬೇರೆ: ನೀಲಿ ಹೊಗೆ, ಆಯಿಲ್ ಮಟ್ಟದಲ್ಲಿ ಇಳಿಕೆ, ಶಾಫ್ಟ್ ಅಲುಗಾಡುವುದು. ಆಗಲೂ ಅದಕ್ಕೆ ಆಯಿಲ್ ಒಯ್ಯುವ ಪೈಪ್ ಕಟ್ಟಿದೆಯೇ ಎಂದು ನೋಡದೆ ಹೊಸದನ್ನು ಕೂರಿಸಿದರೆ, ಹಳೆಯದನ್ನು ಕೊಂದ ಕಾರಣವೇ ಹೊಸದನ್ನೂ ಕೊಲ್ಲುತ್ತದೆ.

ತಪ್ಪು ಕಲ್ಪನೆ: ಕಂಪನಿಯವರು ಪವರ್ ಅದುಮಿಟ್ಟಿದ್ದಾರೆ, ಸಾಫ್ಟ್‌ವೇರ್ ಬದಲಿಸಿದರೆ ಪುಕ್ಕಟೆ ಸಿಗುತ್ತದೆ.

ಸತ್ಯ: ಸ್ವಿಫ್ಟ್‌ನಲ್ಲಿ ಈ ಇಂಜಿನ್ 75 ಪಿಎಸ್, 190 ಎನ್ಎಂ ಕೊಡುತ್ತಿತ್ತು. ಎಸ್ಎಕ್ಸ್4 ಮತ್ತು ಎರ್ಟಿಗಾದಲ್ಲಿ ಅದೇ ಇಂಜಿನ್ 90 ಪಿಎಸ್, 200 ಎನ್ಎಂ ಕೊಟ್ಟಿತು. ಈ 15 ಪಿಎಸ್‌ಗಾಗಿ ಕಂಪನಿ ಟರ್ಬೊವನ್ನೇ ಬದಲಿಸಿ ವಿಜಿಟಿ (ಅಲಗುಗಳ ಕೋನ ಬದಲಾಗುವ ಟರ್ಬೊ) ಹಾಕಿತು. ಬರೀ ಸಾಫ್ಟ್‌ವೇರ್‌ನಿಂದ ನೆಮ್ಮದಿಯಾಗಿ ಆಗುವ ಕೆಲಸವಾಗಿದ್ದರೆ ಆ ಖರ್ಚು ಯಾಕೆ? ರೀಮ್ಯಾಪ್‌ನಿಂದ ಪವರ್ ಏರುವುದು ಸುಳ್ಳಲ್ಲ. ಆದರೆ ಏರಿದ ಟಾರ್ಕ್ ಮೊದಲು ಬೀಳುವುದು ಸವೆದ ಕ್ಲಚ್ ಪ್ಲೇಟಿನ ಮೇಲೆ, ಹೆಚ್ಚಿದ ಬಿಸಿ ಬೀಳುವುದು ಟರ್ಬೊ ಮೇಲೆ. ವೈರಿಗೆ ಸಿಕ್ಕಿಸುವ ಅಗ್ಗದ ‘ಟ್ಯೂನಿಂಗ್ ಬಾಕ್ಸ್’ಗಳಲ್ಲಿ ಹಲವು ಇನ್ನೂ ಒರಟು. ಇಂಜೆಕ್ಟರುಗಳಿಗೆ ಡೀಸೆಲ್ ಹಂಚುವ ರೈಲಿನ ಒತ್ತಡ ಕಡಿಮೆ ಇದೆ ಎಂದು ಇಂಜಿನ್ ನಿಯಂತ್ರಿಸುವ ಕಂಪ್ಯೂಟರ್ ಆದ ಇಸಿಯುಗೆ ಸುಳ್ಳು ಹೇಳಿ, ಅದು ಒತ್ತಡ ಏರಿಸುವಂತೆ ಮಾಡುತ್ತವೆ. ಲಕ್ಷ ದಾಟಿ ಓಡಿದ ಪಂಪು, ಇಂಜೆಕ್ಟರ್‌ಗಳ ಮೇಲೆ ಈ ಆಟ ನಡೆಯಬಾರದು.

ಕಾನೂನಿನ ಮಾತೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರ ಮೂಲ ಸ್ವರೂಪಕ್ಕೆ ವಿರುದ್ಧವಾದ ಬದಲಾವಣೆ ಸಲ್ಲದು. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯ ಪ್ರಕಾರ ಅನುಮತಿಯಿಲ್ಲದ ಒಂದೊಂದು ಬದಲಾವಣೆಗೂ ಮಾಲೀಕರಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು ಅಥವಾ ಎರಡೂ ಆಗಬಹುದು.

ತಪ್ಪು ಕಲ್ಪನೆ: ಇಜಿಆರ್ ಮುಚ್ಚಿಸಿದರೆ ಪವರ್ ಹೆಚ್ಚುತ್ತದೆ.

ಸತ್ಯ: ಸುಟ್ಟ ಹೊಗೆಯ ಒಂದಂಶವನ್ನು ಮತ್ತೆ ಒಳಗೆ ಬಿಟ್ಟು, ದಹನದ ಬಿಸಿಯನ್ನು ತಗ್ಗಿಸಿ, ಆ ಮೂಲಕ ನೈಟ್ರೋಜನ್ ಆಕ್ಸೈಡುಗಳನ್ನು ಕಡಿಮೆ ಮಾಡುವುದು ಇಜಿಆರ್ ಕೆಲಸ. ಪೂರ್ತಿ ಆಕ್ಸಿಲರೇಟರ್ ಒತ್ತಿದಾಗ ಅದು ಮುಚ್ಚಿಕೊಂಡಿರುತ್ತದೆ. ಮುಚ್ಚಿರುವುದನ್ನೇ ಮತ್ತೆ ಮುಚ್ಚಿಸಿದರೆ ಪವರ್ ಎಲ್ಲಿಂದ ಬರಬೇಕು? ಮುಚ್ಚಿಸಿದ ಮೇಲೆ ಗಾಡಿ ಹಗುರಾಯಿತು ಎನ್ನುವವರ ಕಾರಿನಲ್ಲಿ ಹಿಂದೆ ವಾಲ್ವ್ ಅಂಟಿಕೊಂಡಿತ್ತು ಎಂದೇ ಬಹುಮಟ್ಟಿಗೆ ಅರ್ಥ. ಬಿಚ್ಚಿ ಮಸಿ ತೊಳೆಸಿದ್ದರೂ ಅಷ್ಟೇ ಫಲ ಸಿಗುತ್ತಿತ್ತು, ಊರಿನ ಗಾಳಿಗೆ ವಿಷ ಸೇರುತ್ತಿರಲಿಲ್ಲ.

ತಪ್ಪು ಕಲ್ಪನೆ: ಮಿಸ್ಸಿಂಗ್ ಇದ್ದರೆ ಇಂಜೆಕ್ಟರ್ ಪೈಪ್ ಸಡಿಲಿಸಿ ನೋಡಿ, ನಾಲ್ಕೂ ಇಂಜೆಕ್ಟರ್ ಬದಲಿಸಿ.

ಸತ್ಯ: ಮೊದಲ ಭಾಗ ಅಪಾಯಕಾರಿ, ಎರಡನೆಯದು ದುಬಾರಿ. ಹಳೇ ಜೀಪು, ಟ್ರ್ಯಾಕ್ಟರುಗಳಲ್ಲಿ ಇಂಜಿನ್ ಓಡುತ್ತಿರುವಾಗಲೇ ಪೈಪಿನ ನಟ್ ಸಡಿಲಿಸಿ ಯಾವ ಸಿಲಿಂಡರ್ ಸುಮ್ಮನಿದೆ ಎಂದು ಹಿಡಿಯುವ ರೂಢಿಯಿತ್ತು. ಈ ಕಾರುಗಳ ಕಾಮನ್ ರೈಲ್‌ನಲ್ಲಿ ಒತ್ತಡ 1,600 ಬಾರ್ ಆಸುಪಾಸಿಗೆ ಹೋಗುತ್ತದೆ. ಆ ಒತ್ತಡದಲ್ಲಿ ಚಿಮ್ಮುವ ಡೀಸೆಲ್ ಚರ್ಮ ಸೀಳಿ ಒಳಹೊಕ್ಕು ಬೆರಳನ್ನೇ ಕತ್ತರಿಸಬೇಕಾದ ಸ್ಥಿತಿ ತರಬಲ್ಲದು. ಸೋರಿಕೆ ಎಲ್ಲಿದೆ ಎಂದು ಕೈಯಿಂದ ಸವರಿ ನೋಡುವುದೂ ಬೇಡ.

ಇದಕ್ಕೆ ಸರಳ ಪರೀಕ್ಷೆಯೊಂದಿದೆ. ಪ್ರತಿ ಇಂಜೆಕ್ಟರ್‌ನಿಂದ ಹಿಂದಿರುಗುವ ಡೀಸೆಲ್ಲನ್ನು ಒಂದೊಂದು ಸೀಸೆಗೆ ಹಿಡಿದು ಮಟ್ಟ ಹೋಲಿಸುವುದು. ಒಂದರಲ್ಲಿ ಮಾತ್ರ ಬೇಗ ತುಂಬಿದರೆ ಸವೆದಿರುವುದು ಅದೇ. ಬದಲಿಸಿದ ಮೇಲೆ ಹಲವು ಕಾರುಗಳಲ್ಲಿ ಹೊಸ ಇಂಜೆಕ್ಟರ್‌ನ ಕೋಡನ್ನು ಸ್ಕ್ಯಾನರ್ ಮೂಲಕ ಇಸಿಯುಗೆ ಬರೆಸಬೇಕು. ಅದನ್ನು ಬಿಟ್ಟು ‘ಹೊಸದು ಹಾಕಿದರೂ ನಡುಕ ಹೋಗಲಿಲ್ಲ’ ಎಂದು ಗೊಣಗಿ ಪ್ರಯೋಜನವಿಲ್ಲ.

ತಪ್ಪು ಕಲ್ಪನೆ: ಹತ್ತು ಸಾವಿರ ಕಿ.ಮೀ. ಆಗುವವರೆಗೆ ಆಯಿಲ್ ಬದಲಿಸಬೇಕಿಲ್ಲ, ಹಳೇ ಇಂಜಿನ್‌ಗೆ ದಪ್ಪ ಆಯಿಲ್ ಒಳ್ಳೆಯದು.

ಸತ್ಯ: ಲೆಕ್ಕ ಹಾಕಿ ನೋಡಿ. ಹೆದ್ದಾರಿಯಲ್ಲಿ ಗಂಟೆಗೆ ಸರಾಸರಿ 60 ಕಿ.ಮೀ. ಓಡುವ ಕಾರು 10,000 ಕಿ.ಮೀ. ಮುಗಿಸಲು ಸುಮಾರು 167 ಗಂಟೆ ಸಾಕು. ಬೆಂಗಳೂರಿನ ಟ್ರಾಫಿಕ್‌ನಲ್ಲಿ ಸರಾಸರಿ 20 ಕಿ.ಮೀ. ವೇಗದಲ್ಲಿ ತೆವಳುವ ಕಾರಿಗೆ ಅಷ್ಟೇ ದೂರಕ್ಕೆ 500 ಗಂಟೆ ಬೇಕು. ಮೀಟರಿನಲ್ಲಿ ಒಂದೇ ಅಂಕಿ, ಆಯಿಲ್ ದುಡಿದದ್ದು ಮೂರು ಪಟ್ಟು. ನಗರದಲ್ಲಿ ದಿನಬಳಕೆಗಿರುವ ಹಳೇ ಡೀಸೆಲ್‌ಗೆ 7,000–8,000 ಕಿ.ಮೀ. ಅಥವಾ ವರ್ಷಕ್ಕೊಮ್ಮೆ, ಯಾವುದು ಮೊದಲೋ ಆಗ ಬದಲಿಸುವುದು ಜಾಣತನ. ಹೊಸ ಆಯಿಲ್ ಕೆಲವೇ ದಿನಗಳಲ್ಲಿ ಕಪ್ಪಾದರೆ ಹೆದರಬೇಡಿ. ಡೀಸೆಲ್ ಮಸಿಯನ್ನು ಕೂಡಲು ಬಿಡದೆ ತನ್ನೊಳಗೆ ಹಿಡಿದಿಡುವುದು ಅದರ ಕೆಲಸ.

ದಪ್ಪದ ವಿಚಾರಕ್ಕೆ ಬಂದರೆ, ಟರ್ಬೊದ ಶಾಫ್ಟ್ ನಿಮಿಷಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುವುದು ಆಯಿಲ್‌ನ ತೆಳು ಪದರದ ಮೇಲೆ. ಬೆಳಗಿನ ಮೊದಲ ಸ್ಟಾರ್ಟ್‌ನಲ್ಲಿ ದಪ್ಪ ಆಯಿಲ್ ಅಲ್ಲಿಗೆ ತಲುಪುವುದು ತಡ. ಮಲ್ಟಿಜೆಟ್‌ನ ಟೈಮಿಂಗ್ ಚೈನನ್ನು ಬಿಗಿಯಾಗಿಡುವ ಟೆನ್ಷನರ್ ಕೂಡ ಆಯಿಲ್ ಒತ್ತಡವನ್ನೇ ನಂಬಿದೆ. ಬೆಲ್ಟ್ ಅಲ್ಲ ಚೈನ್, ಜೀವಮಾನಕ್ಕೂ ಸಾಕು ಎನ್ನುವವರು ಈ ಒಂದು ಷರತ್ತನ್ನು ಮರೆಯುತ್ತಾರೆ. ಆಯಿಲ್ ನಿರ್ಲಕ್ಷಿಸಿದರೆ ಚೈನ್ ಉದ್ದವಾಗುತ್ತದೆ. ತಣ್ಣಗಿನ ಇಂಜಿನ್‌ನಲ್ಲಿ ‘ಗರಗರ’ ಸದ್ದು ಕೇಳಿದರೆ ಮುಂದೂಡಬೇಡಿ, ಚೈನ್ ಜಿಗಿದರೆ ಇಂಜಿನ್ ಡೌನ್ ಮಾಡಿಸುವುದೇ ಗತಿ. ಮ್ಯಾನುಯಲ್‌ನಲ್ಲಿ ಹೇಳಿದ ಗ್ರೇಡನ್ನೇ ಹಾಕಿಸಿ.

ತಪ್ಪು ಕಲ್ಪನೆ: ಪ್ರತಿ ಸಲ ಕಾರು ನಿಲ್ಲಿಸುವ ಮುನ್ನ ಐದು ನಿಮಿಷ ಇಂಜಿನ್ ಓಡಿಸಬೇಕು.

ಸತ್ಯ: ಘಾಟಿ ಹತ್ತಿ ಬಂದು ತಕ್ಷಣ ಹೋಟೆಲ್ ಮುಂದೆ ನಿಲ್ಲಿಸಿದರೆ ಒಂದೆರಡು ನಿಮಿಷ ಬಿಡುವುದು ಸರಿ. ಬಿಸಿ ಟರ್ಬೊದಲ್ಲಿ ನಿಂತ ಆಯಿಲ್ ಕರಕಲಾಗುವುದು ಇದರಿಂದ ತಪ್ಪುತ್ತದೆ. ಮನೆಯ ಬೀದಿಯಲ್ಲಿ ನಿಧಾನಕ್ಕೆ ಬಂದಿದ್ದರೆ ಟರ್ಬೊ ಆಗಲೇ ತಣಿದಿರುತ್ತದೆ.

ತಪ್ಪು ಕಲ್ಪನೆ: ಬಿಎಸ್6 ಡೀಸೆಲ್ ಹಳೇ ಇಂಜಿನ್‌ಗೆ ಒಣ, ಸೀಮೆಎಣ್ಣೆ ಅಥವಾ 2ಟಿ ಆಯಿಲ್ ಬೆರೆಸಬೇಕು.

ಸತ್ಯ: 2020ರ ಏಪ್ರಿಲ್‌ನಿಂದ ಡೀಸೆಲ್‌ನ ಗಂಧಕ 50 ಪಿಪಿಎಂನಿಂದ 10ಕ್ಕೆ ಇಳಿದದ್ದು ನಿಜ. ಆದರೆ ಜಾರುಗುಣಕ್ಕೆ ಪ್ರತ್ಯೇಕ ಮಾನದಂಡವಿದೆ, ಅದನ್ನು ಮುಟ್ಟಲು ಸಂಸ್ಕರಣಾಗಾರಗಳೇ ಸಂಯೋಜಕ ಸೇರಿಸುತ್ತವೆ. ಸೀಮೆಎಣ್ಣೆಯಂತೂ ಇರುವ ಜಾರುಗುಣವನ್ನೂ ಕಡಿಮೆ ಮಾಡಿ ಪಂಪನ್ನು ಸವೆಸುತ್ತದೆ. ಆ ದುಡ್ಡಿಗೆ ಡೀಸೆಲ್ ಫಿಲ್ಟರ್ ಬದಲಿಸಿ, ಅದರಲ್ಲಿ ನಿಂತ ನೀರು ತೆಗೆಸಿ.

ತಪ್ಪು ಕಲ್ಪನೆ: ಹತ್ತು ವರ್ಷ ದಾಟಿದ ಡೀಸೆಲ್ ಕಾರಿಗೆ ದುಡ್ಡು ಹಾಕುವುದು ದಂಡ.

ಸತ್ಯ: ಹತ್ತು ವರ್ಷದ ಮಿತಿ ಬಂದದ್ದು ದೆಹಲಿ ರಾಜಧಾನಿ ವಲಯಕ್ಕೆ. ಕರ್ನಾಟಕದಲ್ಲಿ ಖಾಸಗಿ ಕಾರಿನ ನೋಂದಣಿ 15 ವರ್ಷ. ಆಮೇಲೆ ತಪಾಸಣೆಯಲ್ಲಿ ಪಾಸಾದರೆ ಐದೈದು ವರ್ಷಕ್ಕೆ ನವೀಕರಿಸಬಹುದು. ಆ ತಪಾಸಣೆಗೆ ಮೂಲ ಸ್ಥಿತಿಯಲ್ಲಿರುವ, ಹೊಗೆ ಕಡಿಮೆಯಿರುವ ಕಾರೇ ಬೇಕು.

ಹಾಗಾಗಿ ಖರ್ಚಿನ ಸರತಿ ಹೀಗಿರಲಿ: ಮೊದಲು ಬ್ರೇಕ್, ಟೈರ್, ಸಸ್ಪೆನ್ಷನ್ ಬುಷ್. ಆಮೇಲೆ ಆಯಿಲ್, ಫಿಲ್ಟರುಗಳು, ಹೋಸ್‌ಗಳು. ನಂತರ ಸ್ಕ್ಯಾನರ್ ಹಾಕಿ ರೈಲ್ ಒತ್ತಡ ಮತ್ತು ಟರ್ಬೊ ಒತ್ತಡ ಎಷ್ಟಿರಬೇಕು, ಎಷ್ಟಿದೆ ಎಂದು ಹೋಲಿಸಿ ನೋಡುವುದು. ಇಷ್ಟಾದ ಮೇಲೂ ಪಿಕಪ್ ಸಾಲದು ಅನಿಸಿದರೆ, ನಿಮಗೆ ಬೇಕಿರುವುದು ಚಿಪ್ ಅಲ್ಲ, ಬೇರೆ ಕಾರು.