ತಪ್ಪು ಯಾರದು? ಮೋಡೆಮ್ ಹೇಳುತ್ತಿತ್ತು!

ಗಲ್ಲಾಪೆಟ್ಟಿಗೆಯ ಪಕ್ಕ ಕ್ಯೂ.ಆರ್. ಚೀಟಿ, ಎದುರಿಗೆ ಮೊಬೈಲು ಹಿಡಿದ ಗಿರಾಕಿ. ಚಕ್ರ ತಿರುಗಿದ್ದೇ ತಿರುಗಿದ್ದು, ರೊಕ್ಕ ಬರಲಿಲ್ಲ. 'ಸರ್ವರ್ ಡೌನ್ ಐತ್ರಿ' ಎಂಬ ಒಂದೇ ಉತ್ತರ. ಕೆಟ್ಟಿದ್ದು ಬ್ಯಾಂಕೋ, ಟವರೋ, ಗಿರಾಕಿಯ ಮೊಬೈಲೋ? ಗೋಕಾಕ ಪೇಟೆಯಲ್ಲಾಗಲಿ ಹುಕ್ಕೇರಿ ಬಸ್‌ಸ್ಟ್ಯಾಂಡಿನಲ್ಲಾಗಲಿ ಹೇಳುವವರಿಲ್ಲ. ಟೆಲಿಫೋನ್ ತಂತಿಯಲ್ಲಿ ಇಂಟರ್‌ನೆಟ್ ಬರುತ್ತಿದ್ದ ಕಾಲದಲ್ಲಿ ಹೀಗಿರಲಿಲ್ಲ. ನಿಧಾನ ಖರೆ, ಆದರೆ ತಪ್ಪೆಲ್ಲಿ ಅಂತ ಯಂತ್ರವೇ ಬಾಯಿ ಬಿಡುತ್ತಿತ್ತು. ಅದರಲ್ಲೂ ಯುನಿಕ್ಸ್ ಮತ್ತು ಅದರ ಪುಕ್ಕಟೆ ತಮ್ಮ ಲಿನಕ್ಸ್ ಹಾಕಿದ ಕಂಪ್ಯೂಟರು.

1995ರ ಆಗಸ್ಟ್ 15ರಂದು ವಿ.ಎಸ್.ಎನ್.ಎಲ್. ಇಂಟರ್‌ನೆಟ್ಟನ್ನು ಸಾರ್ವಜನಿಕರಿಗೆ ತೆರೆಯಿತು. ಅದೂ ದೊಡ್ಡ ಶಹರಗಳಲ್ಲಿ. ವಿದ್ಯಾರ್ಥಿಗಳ ಅಗ್ಗದ ಖಾತೆಯಲ್ಲಿ ಚಿತ್ರವಿಲ್ಲ, ಬರೀ ಅಕ್ಷರ. ನಮ್ಮ ಕಡೆಯವರ ತೊಡಕು ಬೇರೆ. ಗೋಕಾಕದ ಎಸ್.ಟಿ.ಡಿ. ಕೋಡ್ 08332, ಹುಕ್ಕೇರಿ 08333, ಮೂಡಲಗಿ 08334. (ಮೂಡಲಗಿ ತಾಲೂಕು ಆಗಲಿಕ್ಕೆ 2018 ಬರಬೇಕಾಯಿತು; ಟೆಲಿಫೋನಿನವರು ಬಹಳ ಮೊದಲೇ ಬೇರೆ ನಂಬರು ಕೊಟ್ಟು ಮರ್ಯಾದೆ ಮಾಡಿದ್ದರು!) ಇಲ್ಲಿಂದ ದೂರದ ಶಹರಕ್ಕೆ ಡಯಲ್ ಮಾಡಿದರೆ ಎಸ್.ಟಿ.ಡಿ. ಮೀಟರು ಓಡುತ್ತಿತ್ತು. ಬಂದ ಪತ್ರ ಓದುವುದೋ, ಮೀಟರು ನೋಡುವುದೋ? ಮುಂದೆ 172ರಿಂದ ಶುರುವಾಗುವ ನಂಬರುಗಳು ಬಂದು, ಲೋಕಲ್ ದರದಲ್ಲೇ ಕೆಲಸ ಆಗತೊಡಗಿದ ಮೇಲೆ ಸಣ್ಣ ಊರಿನವರಿಗೂ ಧೈರ್ಯ ಬಂತು.

ಜೋಡಣೆ ಹೇಗೆ? ಕಂಪ್ಯೂಟರಿನ ಹಿಂದಿನ ಸೀರಿಯಲ್ ಪೋರ್ಟಿಗೆ ಮೋಡೆಮ್, ಮೋಡೆಮ್ಮಿಗೆ ಟೆಲಿಫೋನ್ ವಾಯರು. ಅಗ್ಗ ಅಂತ ಒಳಗೆ ಕೂರಿಸುವ ಮೋಡೆಮ್ ತಂದವರು ಎಷ್ಟೋ ಸಲ ಪೇಚಿಗೆ ಬಿದ್ದರು. ಅದರ ಅರ್ಧ ಕೆಲಸ ವಿಂಡೋಸ್ ಮಾಡಬೇಕು, ಲಿನಕ್ಸಿಗೆ ಅದು ಮೂಗಬಸವ. ದೀಪ ಮಿಣುಕುವ ಹೊರಗಿನ ಡಬ್ಬಿಯೇ ಲೇಸು. ಆಮೇಲೆ 'ಚಾಟ್' ಎಂಬ ಪುಟ್ಟ ಪ್ರೋಗ್ರಾಮಿಗೆ ಮಾತುಕತೆ ಬರೆದು ಕೊಡಬೇಕು. ಆ ಕಡೆಯವರು ಹೀಗಂದರೆ ನೀ ಹೀಗನ್ನು, ಅಂತ. ಥೇಟ್ ಹಳೇ ಟ್ರಂಕ್ ಕಾಲ್! 'ಎ.ಟಿ.' ಅಂದರೆ ಮೋಡೆಮ್ 'ಓಕೆ' ಅನ್ನಬೇಕು. 'ಎ.ಟಿ.ಡಿ.ಟಿ.' ಬರೆದು ನಂಬರು ಕೊಟ್ಟರೆ ಡಯಲ್. ಹಳೇ ಪಲ್ಸ್ ಎಕ್ಸ್‌ಚೇಂಜ್ ಆಗಿದ್ದರೆ ಕೊನೆಯ 'ಟಿ' ತೆಗೆದು 'ಪಿ' ಹಾಕಬೇಕು. ಈ ಒಂದಕ್ಷರ ತಪ್ಪಿದರೆ ದಿನವಿಡೀ ಒದ್ದಾಡಿದರೂ ನಂಬರು ಹತ್ತುತ್ತಿರಲಿಲ್ಲ. 'ಕನೆಕ್ಟ್' ಬಂತೆಂದರೆ ಅರ್ಧ ಗೆದ್ದಂತೆ. 'ಲಾಗಿನ್' ಕೇಳಿದರೆ ಹೆಸರು, 'ಪಾಸ್‌ವರ್ಡ್' ಕೇಳಿದರೆ ಪಾಸ್‌ವರ್ಡು, ಮುಂದಿನದು 'ಪಿ.ಪಿ.ಪಿ.ಡಿ.' ಎಂಬ ಪ್ರೋಗ್ರಾಮಿನ ಕಾರಭಾರ.

ಎಲ್ಲಿ ಎಡವಿತೋ ಅಲ್ಲಿಯದು ಲಾಗ್ ಫೈಲಿನಲ್ಲಿ ದಾಖಲು. 'ನೋ ಡಯಲ್‌ಟೋನ್': ನಿಮ್ಮ ಲೈನೇ ಸತ್ತಿದೆ, ಲೈನ್‌ಮನ್ನನ್ನು ಹುಡುಕಿ. 'ಬಿಜಿ': ಆ ಕಡೆ ಗದ್ದಲ, ಹತ್ತು ನಿಮಿಷ ಬಿಟ್ಟು ಬನ್ನಿ. 'ನೋ ಕ್ಯಾರಿಯರ್': ದನಿಗೆ ದನಿ ಕೂಡಲಿಲ್ಲ, ತಂತಿಯಲ್ಲಿ ಗರಗರ. ಮಳೆಗಾಲದಲ್ಲಿ ಜಾಯಿಂಟಿನೊಳಗೆ ನೀರು ಇಳಿದರೆ ಇದೇ ರಗಳೆ. ಎಲ್ಲ ಕೂಡಿಯೂ ಒಂದು ಪುಟವೂ ತೆರೆಯದಿದ್ದರೆ, ನೇಮ್‌ಸರ್ವರಿನ ವಿಳಾಸ ಬರೆಯುವುದನ್ನು ಮರೆತದ್ದು ನೀವೇ. ಲೈನ್‌ಮನ್ನನ್ನು ಬೈಯುವ ಹಾಗಿಲ್ಲ!

56 ಕಿಲೋಬಿಟ್ ಮೋಡೆಮ್ಮಿನಲ್ಲೂ ಒಂದು ಎಂ.ಬಿ. ಫೋಟೊ ಇಳಿಯಲು ಮೂರು ನಿಮಿಷದ ಹತ್ತಿರ. ಅಷ್ಟರಲ್ಲಿ ಒಳಮನೆಯಲ್ಲಿ ಯಾರಾದರೂ ಎಕ್ಸ್‌ಟೆನ್ಷನ್ ಎತ್ತಿ 'ಹಲೋ' ಅಂದರೆ ಸಂಪರ್ಕ ಕಡಿದು ಮತ್ತೆ ಮೊದಲಿಂದ. ಕೆಲಸ ಮುಗಿಸಿ ಕಡಿಯದೆ ಎದ್ದು ಹೋದವರಿಗೂ ಯುನಿಕ್ಸಿನವರು ದಾರಿ ಇಟ್ಟಿದ್ದರು. ಪಿ.ಪಿ.ಪಿ.ಡಿ.ಯ ಕಡತದಲ್ಲಿ 'ಐಡಲ್ 300' ಎಂದು ಒಂದು ಸಾಲು. ಐದು ನಿಮಿಷ ತಂತಿ ಸುಮ್ಮನಿದ್ದರೆ ಫೋನು ತಾನೇ ಕೆಳಗಿಡುತ್ತಿತ್ತು. ಆ ಸಾಲು ಹಾಕದ ಮನೆಗಳಲ್ಲಿ, ಎರಡು ತಿಂಗಳಿಗೊಮ್ಮೆ ಬಿಲ್ಲು ಬಂದ ದಿನ ಕಂಪ್ಯೂಟರಿಗೆ ರಜೆ.