ಕ್ಯಾಮೆರಾದೊಳಗಿನ ಪರದೆಯ ಓಟ

ಮಕ್ಕಳೇ, ಮೊಬೈಲಿನಲ್ಲಿ ಫೋಟೋ ತೆಗೆಯುವುದು ನಿಮಗೆಲ್ಲ ಗೊತ್ತು. ಅದಕ್ಕಿಂತ ಮೊದಲು ಫೋಟೋಗೆ ಫಿಲ್ಮ್ ರೀಲು ಬೇಕಿತ್ತು. ರೀಲು ಹಾಕುವ ಕೆಲವು ಕ್ಯಾಮೆರಾಗಳು ಸೆಲ್ ಇಲ್ಲದೆಯೂ ಫೋಟೋ ತೆಗೆಯುತ್ತಿದ್ದವು! ಸ್ಪ್ರಿಂಗ್ ಮತ್ತು ಹಲ್ಲುಚಕ್ರಗಳೇ ಅವುಗಳ ಶಕ್ತಿ. ಜಪಾನಿನ ಇಬ್ಬರು ಪ್ರತಿಸ್ಪರ್ಧಿ ತಯಾರಕರ ಅಂತಹ ಎರಡು ಕ್ಯಾಮೆರಾಗಳನ್ನು ಹೋಲಿಸಿ ನೋಡೋಣ ಬನ್ನಿ.

ಒಂದು, ಪೆಂಟಾಕ್ಸ್ ಕೆ1000. ಇದು 1976ರಿಂದ 1997ರವರೆಗೆ ತಯಾರಾಯಿತು. ಇನ್ನೊಂದು, ನಿಕಾನ್ ಎಫ್‌ಎಂ2. ಇದು 1982ರಲ್ಲಿ ಬಂದು 2001ರವರೆಗೆ ಇತ್ತು. ಎರಡರಲ್ಲೂ ಸೆಲ್ ಬೇಕಾಗುವುದು ಬೆಳಕನ್ನು ಅಳೆಯುವ ಮೀಟರಿಗೆ ಮಾತ್ರ.

ಎರಡಕ್ಕೂ ಒಂದೇ ಲೆಕ್ಕ

ಕೊಡ ತುಂಬಲು ನಲ್ಲಿಯನ್ನು ಪೂರ್ತಿ ತಿರುಗಿಸಿ ಸ್ವಲ್ಪ ಹೊತ್ತು ಬಿಡಬಹುದು. ಇಲ್ಲವೇ ಕಡಿಮೆ ತಿರುಗಿಸಿ ಹೆಚ್ಚು ಹೊತ್ತು ಬಿಡಬಹುದು. ಫಿಲ್ಮಿಗೆ ಬೀಳುವ ಬೆಳಕೂ ಹೀಗೆಯೇ. ಲೆನ್ಸಿನೊಳಗಿನ ರಂಧ್ರದ ಗಾತ್ರ ಮತ್ತು ಬೆಳಕು ಬೀಳುವ ಸಮಯ, ಇವೆರಡೂ ಸೇರಿ ಬೆಳಕಿನ ಪ್ರಮಾಣವನ್ನು ನಿರ್ಧರಿಸುತ್ತವೆ.

ಸಮಯದ ಗುಂಡಿಯ ಮೇಲೆ 60, 125, 250, 500, 1000 ಎಂಬ ಅಂಕಿಗಳಿರುತ್ತವೆ. 60 ಎಂದರೆ ಸೆಕೆಂಡಿನ 60ನೇ ಒಂದು ಭಾಗ. ಮುಂದಿನ ಅಂಕಿಗೆ ಹೋದಂತೆ ಸಮಯ ಸುಮಾರು ಅರ್ಧವಾಗುತ್ತದೆ. ಪೆಂಟಾಕ್ಸ್‌ನಲ್ಲಿ ಈ ಅಂಕಿಗಳು 1000ಕ್ಕೆ ನಿಲ್ಲುತ್ತವೆ. ನಿಕಾನ್‌ನಲ್ಲಿ 4000ದವರೆಗೆ ಹೋಗುತ್ತವೆ. ಈ ವ್ಯತ್ಯಾಸ ಏಕೆ?

ಉತ್ತರ ಫಿಲ್ಮಿನ ಮುಂದಿರುವ ಶಟರ್‌ನಲ್ಲಿದೆ. ಇದರಲ್ಲಿ ಎರಡು ಪರದೆಗಳಿವೆ. ಮೊದಲನೆಯದು ಸರಿದು ಫಿಲ್ಮನ್ನು ತೆರೆಯುತ್ತದೆ. ಎರಡನೆಯದು ಅದರ ಹಿಂದೆಯೇ ಬಂದು ಮುಚ್ಚುತ್ತದೆ. ಚಿತ್ರ ಮೂಡುವ ಜಾಗದ ಉದ್ದ 36 ಮಿಲಿಮೀಟರ್, ಎತ್ತರ 24 ಮಿಲಿಮೀಟರ್. ಪೆಂಟಾಕ್ಸ್‌ನ ಬಟ್ಟೆಯ ಪರದೆ ಉದ್ದಕ್ಕೆ, ಅಂದರೆ 36 ಮಿಲಿಮೀಟರ್ ಅಡ್ಡಲಾಗಿ ಓಡುತ್ತದೆ. ನಿಕಾನ್‌ನ ಲೋಹದ ಪಟ್ಟಿಗಳು ಮೇಲಿನಿಂದ ಕೆಳಕ್ಕೆ 24 ಮಿಲಿಮೀಟರ್ ಮಾತ್ರ ಓಡುತ್ತವೆ.

ಮಾಡಿ ನೋಡಿ

ಕಾಗದದ ಮೇಲೆ 18 ಸೆಂ.ಮೀ. ಉದ್ದ, 12 ಸೆಂ.ಮೀ. ಎತ್ತರದ ಆಯತ ಬರೆಯಿರಿ. ಇದು ಐದು ಪಟ್ಟು ದೊಡ್ಡದಾದ ಫಿಲ್ಮ್. ಆಯತಕ್ಕಿಂತ ದೊಡ್ಡದಾದ ಎರಡು ರಟ್ಟುಗಳನ್ನು ತೆಗೆದುಕೊಳ್ಳಿ. ಒಂದರಿಂದ ಆಯತವನ್ನು ಪೂರ್ತಿ ಮುಚ್ಚಿ. ಇನ್ನೊಂದನ್ನು ಅದರ ಎಡಕ್ಕೆ ತಾಗಿಸಿಡಿ. ಗೆಳೆಯನಿಗೆ ಒಂದೇ ಸಮನೆ ಚಪ್ಪಾಳೆ ತಟ್ಟಲು ಹೇಳಿ. ಒಂದು ಚಪ್ಪಾಳೆಗೆ 3 ಸೆಂ.ಮೀ. ನಂತೆ ಮೊದಲ ರಟ್ಟನ್ನು ಬಲಕ್ಕೆ ಸರಿಸಿ. ಒಂದು ಚಪ್ಪಾಳೆಯ ನಂತರ ಎರಡನೆಯದನ್ನೂ ಅದೇ ವೇಗದಲ್ಲಿ ಸರಿಸುತ್ತಾ ಹೋಗಿ.

ಏನು ಕಂಡಿತು? ಆಯತ ಒಮ್ಮೆಯೂ ಪೂರ್ತಿ ತೆರೆಯಲಿಲ್ಲ. 3 ಸೆಂ.ಮೀ. ಅಗಲದ ಸೀಳು ಮಾತ್ರ ಓಡಿತು. ಆದರೂ ಪ್ರತಿಯೊಂದು ಜಾಗವೂ ಸರಿಯಾಗಿ ಒಂದು ಚಪ್ಪಾಳೆಯಷ್ಟು ಹೊತ್ತು ತೆರೆದಿತ್ತು! ಕ್ಯಾಮೆರಾ ಅತಿ ಕಡಿಮೆ ಸಮಯವನ್ನು ಸಾಧಿಸುವುದು ಹೀಗೆಯೇ.

ಈಗ ಆಯತ ಪೂರ್ತಿ ತೆರೆಯಬೇಕೆಂದುಕೊಳ್ಳಿ. ಎರಡನೆಯ ರಟ್ಟು ಆರು ಚಪ್ಪಾಳೆ ಕಾಯಬೇಕು. ಮೇಲಿನಿಂದ ಕೆಳಕ್ಕೆ ಸರಿಸಿದರೆ ನಾಲ್ಕೇ ಸಾಕು.

ಫ್ಲಾಶ್ ಒಡ್ಡುವ ಪರೀಕ್ಷೆ

ಫ್ಲಾಶ್ ದೀಪ ಮಿಂಚಿ ಮರೆಯಾಗುತ್ತದೆ. ಆ ಕ್ಷಣದಲ್ಲಿ ಫಿಲ್ಮ್ ಪೂರ್ತಿ ತೆರೆದಿರಬೇಕು. ಇಲ್ಲದಿದ್ದರೆ ಸೀಳಿನಷ್ಟು ಭಾಗಕ್ಕೆ ಮಾತ್ರ ಫ್ಲಾಶ್‌ನ ಬೆಳಕು ಸಿಗುತ್ತದೆ. ಆದ್ದರಿಂದ ಪೆಂಟಾಕ್ಸ್‌ನಲ್ಲಿ ಫ್ಲಾಶ್‌ಗೆ 1/60 ಸೆಕೆಂಡೇ ಮಿತಿ. ನಿಕಾನ್‌ನಲ್ಲಿ ಇದು 1982ರಲ್ಲಿ 1/200 ಇತ್ತು, 1984ರಲ್ಲಿ 1/250 ಆಯಿತು.

ಲೆಕ್ಕ ಮಾಡಿ ನೋಡಿ. ದೂರ 36ರಿಂದ 24ಕ್ಕೆ ಇಳಿದರೆ ಸಮಯ ಮೂರನೇ ಎರಡು ಭಾಗವಾಗುತ್ತದೆ. ಅಂದರೆ 1/60 ಹೋಗಿ 1/90 ಆಗಬೇಕು, ಅಷ್ಟೇ. ಉಳಿದ ಲಾಭ ಎಲ್ಲಿಂದ ಬಂತು? ಪರದೆ ಹೆಚ್ಚು ವೇಗವಾಗಿ ಓಡಿದ್ದರಿಂದ. ಹಗುರವಾದ ವಸ್ತುವನ್ನು ಬೇಗ ಓಡಿಸಬಹುದು, ಬೇಗ ನಿಲ್ಲಿಸಬಹುದು. ಅದಕ್ಕಾಗಿ ನಿಕಾನ್ ಟೈಟಾನಿಯಂ ಲೋಹದ ತೆಳು ಪಟ್ಟಿಗಳನ್ನು ಬಳಸಿತು. ಅವುಗಳ ಮೇಲೆ ಜೇನುಗೂಡಿನಂತಹ ವಿನ್ಯಾಸ ಕೊರೆದು ತೂಕ ಇಳಿಸಿತು.

ಇದರಿಂದ ಏನು ಪ್ರಯೋಜನ? ನಡುಹಗಲಿನಲ್ಲಿ ಟೋಪಿಯ ನೆರಳು ಬಿದ್ದ ಮುಖದ ಫೋಟೋ ತೆಗೆಯಬೇಕು ಎನ್ನಿ. ಫ್ಲಾಶ್ ಬೇಕೇ ಬೇಕು. 1/60ರಲ್ಲಿ ಬಿಸಿಲು ಹೆಚ್ಚು ಬೀಳುವುದರಿಂದ ರಂಧ್ರವನ್ನು ತುಂಬ ಕಿರಿದಾಗಿಸಬೇಕು. ಆಗ ಫ್ಲಾಶ್‌ನ ಬೆಳಕೂ ಕಡಿಮೆಯೇ ಒಳಗೆ ಬರುತ್ತದೆ. 1/250ರಲ್ಲಿ ಬಿಸಿಲು ಸುಮಾರು ಕಾಲು ಭಾಗ. ರಂಧ್ರದ ವಿಸ್ತೀರ್ಣವನ್ನು ನಾಲ್ಕು ಪಟ್ಟು ಹಿಗ್ಗಿಸಬಹುದು. ಮುಖ ಬೆಳಗುತ್ತದೆ.

ಹಾಗಾದರೆ ಯಾವುದು ಒಳ್ಳೆಯದು?

ಹಾರುವ ಹಕ್ಕಿಗೆ, ಬಿಸಿಲಿನಲ್ಲಿ ಫ್ಲಾಶ್ ಬಳಸುವವರಿಗೆ ನಿಕಾನ್ ಅನುಕೂಲ. ಪೆಂಟಾಕ್ಸ್ ಸರಳ, ಬೆಲೆಯೂ ಕಡಿಮೆ. ಅನೇಕ ದೇಶಗಳಲ್ಲಿ ವಿದ್ಯಾರ್ಥಿಗಳು ಛಾಯಾಗ್ರಹಣ ಕಲಿತದ್ದು ಇದರಲ್ಲೇ. ನೆರಳಿನಲ್ಲಿ ನಿಂತ ಅಜ್ಜಿಯ ಫೋಟೋವನ್ನು 1/125ರಲ್ಲಿ ತೆಗೆದರೆ ಎರಡೂ ಸಮ. ಆದ್ದರಿಂದ ಹೋಲಿಸುವ ಮೊದಲು "ಯಾವ ಕೆಲಸಕ್ಕೆ?" ಎಂದು ಕೇಳುವುದೇ ವಿಜ್ಞಾನದ ದಾರಿ.

ಯೋಚಿಸಿ: ಓಡುವ ಬಸ್ಸಿನಿಂದ ಮೊಬೈಲಿನಲ್ಲಿ ತೆಗೆದ ಫೋಟೋದಲ್ಲಿ ಹತ್ತಿರದ ವಿದ್ಯುತ್ ಕಂಬ ವಾಲಿದಂತೆ ಕಾಣುವುದುಂಟು. ಮೊಬೈಲ್ ಚಿತ್ರವನ್ನು ಒಮ್ಮೆಗೇ ಅಲ್ಲ, ಸಾಲು ಸಾಲಾಗಿ ದಾಖಲಿಸುತ್ತದೆ. ನಿಮ್ಮ ರಟ್ಟಿನ ಸೀಳನ್ನು ನೆನಪಿಸಿಕೊಂಡು ಕಾರಣ ಹೇಳಬಲ್ಲಿರಾ?